ಕ್ರ್ಯಾನ್‌ಬೆರಿಯ ಹಸಿಗೊಜ್ಜು

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಆಚರಿಸುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಭೋಜನದಲ್ಲಿ, ಟರ್ಕಿ ಕೋಳಿಯ ಜೊತೆಗೆ ಬಡಿಸುವ ಕ್ರ್ಯಾನ್‌ಬೆರಿಯ ವ್ಯಂಜನಕ್ಕೆ ಎರಡು ರೂಪಗಳುಂಟು: ಒಂದು, ಸಕ್ಕರೆಯೊಡನೆ ಕುದಿಸಿದ ಸಾಸ್, ಮತ್ತೊಂದು, ಒಲೆಯ ಮುಖವನ್ನೇ ಕಾಣದ ಹಸಿಗೊಜ್ಜು. ಹಸಿಯದು ಪ್ರಾಚೀನವೆಂದೂ ಬೇಯಿಸಿದ್ದು ಅರ್ವಾಚೀನವೆಂದೂ ಊಹಿಸುವುದು ಸಹಜವಾದರೂ, ಈ ವ್ಯಂಜನದ ಇತಿಹಾಸವು ಅದಕ್ಕೆ ತೀರ ವಿಪರೀತವಾದ ಕ್ರಮವನ್ನೇ ತೋರಿಸುತ್ತದೆ.

ಉತ್ತರ ಅಮೆರಿಕಾದ ಈಶಾನ್ಯ ಭಾಗದ ಆಮ್ಲಯುಕ್ತ ಜೌಗುನೆಲಗಳಲ್ಲಿ ಹರಡಿಕೊಂಡು ಬೆಳೆಯುವ ಈ ಬಳ್ಳಿಯ ಹಣ್ಣನ್ನು ಅಲ್ಲಿನ ಮೂಲನಿವಾಸಿಗಳು ಯುರೋಪಿಯನರ ಆಗಮನಕ್ಕೆ ಬಹು ಪೂರ್ವದಲ್ಲಿಯೇ ಬಲ್ಲವರಾಗಿದ್ದರು. 1621ರಲ್ಲಿ ಪ್ಲಿಮತ್‌ನಲ್ಲಿ ನಡೆದ ಸುಗ್ಗಿಯ ಔತಣವನ್ನು ವರ್ಣಿಸಿದ ಎಡ್ವರ್ಡ್ ವಿನ್‌ಸ್ಲೋ ಬೇಟೆಯ ಹಕ್ಕಿಗಳನ್ನೂ ಜಿಂಕೆಗಳನ್ನೂ ಹೆಸರಿಸುತ್ತಾನೆಯೇ ಹೊರತು ಕ್ರ್ಯಾನ್‌ಬೆರಿಯ ಮಾತನ್ನೆತ್ತುವುದಿಲ್ಲ. ಹುಳಿಯೂ ಒಗರೂ ಒಂದನ್ನೊಂದು ಮೀರುವ ಈ ಹಣ್ಣಿನಿಂದ ಸಿಹಿವ್ಯಂಜನವಾಗಬೇಕಾದರೆ ಸಕ್ಕರೆ ಬೇಕು. ಆ ವಲಸೆಗಾರರಲ್ಲಿಯಾದರೋ ಅದು ದುರ್ಲಭವಾಗಿದ್ದಿತು. 1672ರಲ್ಲಿ ಪ್ರಕಟವಾದ ಜಾನ್ ಜಾಸಲಿನ್ನನ ಗ್ರಂಥದ ಕಾಲಕ್ಕೆ, ಮೂಲನಿವಾಸಿಗಳೂ ಇಂಗ್ಲಿಷರೂ ಹಣ್ಣನ್ನು ಸಕ್ಕರೆಯೊಡನೆ ಕುದಿಸಿ ಮಾಂಸದ ಜೊತೆಗೆ ಉಣ್ಣುತ್ತಿದ್ದರು. 1796ರಲ್ಲಿ ಅಮೀಲಿಯಾ ಸಿಮನ್ಸ್ ತನ್ನ ಪಾಕಶಾಸ್ತ್ರದ ಪುಸ್ತಕದಲ್ಲಿ ಹುರಿದ ಟರ್ಕಿಯೊಡನೆ ಇದನ್ನು ಬಡಿಸಬೇಕೆಂದಳು; ಆ ಜೋಡಿ ಅಂದಿನಿಂದ ಬೇರ್ಪಟ್ಟಿಲ್ಲ.

ಕಾಡಿನ ಹಣ್ಣು ತೋಟದ ಬೆಳೆಯಾದದ್ದು ಗಾಳಿಯ ಉಪಕಾರದಿಂದ. ಕೇಪ್ ಕಾಡ್‌ನ ಡೆನಿಸ್ ಎಂಬ ಊರಿನ ಹೆನ್ರಿ ಹಾಲ್, ಸಮುದ್ರತೀರದ ಮರಳು ಹಾರಿಬಂದು ಮುಚ್ಚಿದ ಬಳ್ಳಿಗಳೇ ಹೆಚ್ಚು ಫಲ ಕೊಡುವುದನ್ನು ಕಂಡು, 1816ರ ಸುಮಾರಿಗೆ ತಾನೇ ಮರಳು ಹರಡಿ ಕೃಷಿಯನ್ನಾರಂಭಿಸಿದನು. ಹಣ್ಣಿನೊಳಗೆ ಗಾಳಿ ತುಂಬಿದ ನಾಲ್ಕು ಸಣ್ಣ ಕೋಣೆಗಳಿರುವುದರಿಂದ ಒಳ್ಳೆಯದು ಚಿಮ್ಮುತ್ತದೆ, ಕೊಳೆತದ್ದು ಚಿಮ್ಮದು. ನ್ಯೂಜೆರ್ಸಿಯ ಮರಗಾಲಿನ ಜಾನ್ ವೆಬ್ ಎಂಬಾತ ಹಣ್ಣನ್ನು ಹೊತ್ತು ಇಳಿಯಲಾರದೆ ಮೆಟ್ಟಿಲುಗಳ ಮೇಲೆ ಸುರಿದು ಈ ಗುಣವನ್ನು ಕಂಡುಕೊಂಡನೆಂಬ ಪ್ರತೀತಿಯಿದೆ, ಮತ್ತು ಹಲಗೆಗಳ ಮೇಲೆ ಪುಟಿಸಿ ಹಣ್ಣನ್ನು ಆರಿಸುವ ಯಂತ್ರಗಳು ಇದೇ ತತ್ತ್ವವನ್ನವಲಂಬಿಸಿದುವು. ಇಂಥ ವಿನೋದಕಥೆಗಳ ನಡುವೆ ಮರೆಯಬಾರದ ಮತ್ತೊಂದು ಸಂಗತಿಯಿದೆ: 1910 ಮತ್ತು 1911ರಲ್ಲಿ ಲೂಯಿಸ್ ಹೈನ್ ನ್ಯೂಜೆರ್ಸಿ ಮತ್ತು ಮ್ಯಾಸಚೂಸೆಟ್ಸ್‌ಗಳ ಜೌಗುತೋಟಗಳಲ್ಲಿ ತೆಗೆದ ಛಾಯಾಚಿತ್ರಗಳಲ್ಲಿ, ಬಗ್ಗಿ ಹಣ್ಣು ಕೀಳುತ್ತಿರುವವರು ಎಳೆಯ ಮಕ್ಕಳು.

ಹಸಿಗೊಜ್ಜಿನ ಜನ್ಮಕ್ಕೆ ಎರಡು ಅನ್ಯವಸ್ತುಗಳು ಅಡುಗೆಮನೆಗೆ ಬರಬೇಕಾಯಿತು. ಗಟ್ಟಿ ಸಿಪ್ಪೆಯ ಈ ಗುಂಡುಹಣ್ಣು ಚಾಕುವಿನ ಕೆಳಗೆ ನಿಲ್ಲದೆ ಉರುಳಿಹೋಗುವಂಥದು. ಮೇಜಿನ ಅಂಚಿಗೆ ತಿರುಪಿನಿಂದ ಬಿಗಿದು ಹಿಡಿಯನ್ನು ತಿರುಗಿಸುವ ಮಾಂಸ ಅರೆಯುವ ಕೈಯಂತ್ರವು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸಾಮಾನ್ಯರ ಮನೆಗಳನ್ನು ಹೊಕ್ಕಾಗ ಆ ಕಷ್ಟ ನೀಗಿತು; ಸರಿಸುಮಾರು ಅದೇ ಕಾಲದಲ್ಲಿ ರೈಲುಬಂಡಿಗಳು ಕ್ಯಾಲಿಫೋರ್ನಿಯಾ ಮತ್ತು ಫ್ಲೋರಿಡಾಗಳ ಕಿತ್ತಳೆಯನ್ನು ಉತ್ತರದ ಶೀತನಗರಗಳಿಗೆ ತಲುಪಿಸಿದುವು. ಮುಕ್ಕಾಲು ಪೌಂಡು ಹಸಿಹಣ್ಣು, ಬೀಜ ತೆಗೆದರೂ ಸಿಪ್ಪೆ ತೆಗೆಯದ ಒಂದು ಕಿತ್ತಳೆ, ಮುಕ್ಕಾಲರಿಂದ ಒಂದು ಬಟ್ಟಲು ಸಕ್ಕರೆ. ಇಷ್ಟನ್ನು ಒರಟಾಗಿ ಅರೆದು ಕಲಸಿದರೆ ಮುಗಿಯಿತು. ಆದರೆ ಅರೆದ ಕೂಡಲೇ ಬಡಿಸುವುದು ಅವಿವೇಕ, ಏಕೆಂದರೆ ಸಕ್ಕರೆ ಹಣ್ಣಿನ ರಸವನ್ನು ಸೆಳೆದು ತಾನು ಕರಗುವುದಕ್ಕೂ, ಕಿತ್ತಳೆಸಿಪ್ಪೆಯ ತೈಲ ತನ್ನ ಪರಿಮಳವನ್ನು ಹರಡಿ ಕಹಿಯ ಮೊನೆಯನ್ನು ಕಳೆದುಕೊಳ್ಳುವುದಕ್ಕೂ ಒಂದು ರಾತ್ರಿಯಾದರೂ ಬೇಕು. ಹಬ್ಬದ ದಿನ ಒಲೆಯನ್ನೆಲ್ಲ ಟರ್ಕಿಯೇ ಆಕ್ರಮಿಸುವುದರಿಂದ, ಹಿಂದಿನ ದಿನವೇ ಸಿದ್ಧವಾಗುವ ಈ ಗೊಜ್ಜು ಗೃಹಿಣಿಯರಿಗೆ ಪ್ರಿಯವಾದುದರಲ್ಲಿ ಆಶ್ಚರ್ಯವಿಲ್ಲ. ಹಣ್ಣಿನಲ್ಲಿ ಸ್ವಭಾವತಃ ಇರುವ ಬೆಂಜೋಯಿಕ್ ಆಮ್ಲವೂ ಅದು ಕೆಡದಂತೆ ನೆರವಾಗುತ್ತದೆ.

ಈ ನಡುವೆ ಮಾರ್ಕಸ್ ಯೂರನ್ 1912ರಲ್ಲಿ ಬೇಯಿಸಿದ ಸಾಸನ್ನು ಡಬ್ಬಿಯಲ್ಲಿ ತುಂಬಿ ಮಾರತೊಡಗಿದ್ದನು. ಡಬ್ಬಿಯ ಗೆರೆಗಳನ್ನು ಮೈಮೇಲೆ ಹೊತ್ತೇ ತಟ್ಟೆಗಿಳಿಯುವ ಆ ಜೆಲ್ಲಿಯನ್ನು ಮೆಚ್ಚುವವರು ಅಸಂಖ್ಯರು. ನನ್ನ ನಾಲಗೆಗೆ ಅದರಲ್ಲಿ ಸಕ್ಕರೆಯುಂಟು, ಹಣ್ಣಿಲ್ಲ.

1959ರ ನವೆಂಬರ್ 9ರಂದು, ಹಬ್ಬಕ್ಕೆ ಹದಿನೇಳು ದಿನವಿರುವಾಗ, ಆರೋಗ್ಯ ಇಲಾಖೆಯ ಕಾರ್ಯದರ್ಶಿ ಆರ್ಥರ್ ಫ್ಲೆಮಿಂಗ್, ಇಲಿಗಳಲ್ಲಿ ಅರ್ಬುದವನ್ನುಂಟುಮಾಡಿದ ಅಮೈನೋಟ್ರಯಜೋಲ್ ಎಂಬ ಕಳೆನಾಶಕವು ಕೆಲವು ಕ್ರ್ಯಾನ್‌ಬೆರಿಗಳಲ್ಲಿ ಸಿಕ್ಕಿದೆಯೆಂದು ಸಾರಿದಾಗ ಮಾರಾಟ ಕುಸಿಯಿತು. ಬೆಳೆಗಾರರಿಗೆ ಧೈರ್ಯ ಹೇಳಲು ಉಪಾಧ್ಯಕ್ಷ ನಿಕ್ಸನ್ ವಿಸ್ಕಾನ್ಸಿನ್‌ನಲ್ಲಿ ಆ ಹಣ್ಣನ್ನು ಎಲ್ಲರೆದುರು ತಿಂದನು. ವಿಚಿತ್ರವೆಂದರೆ ಅದೇ ವರ್ಷ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಕ್ರೇಗ್ ಕ್ಲೇಬೋರ್ನ್ ಪ್ರಕಟಿಸಿದ ಹಸಿಗೊಜ್ಜೊಂದು ಮುಂದೆ ಬಲು ಪ್ರಸಿದ್ಧವಾಯಿತು. ಅದರಲ್ಲಿ ಕಿತ್ತಳೆಯಿಲ್ಲ, ಈರುಳ್ಳಿ, ಹುಳಿಗೆನೆ, ಹಾರ್ಸ್‌ರ್‍ಯಾಡಿಶ್ ಎಂಬ ಘಾಟುಬೇರು ಇವೆ. ತಮ್ಮ ಅತ್ತೆಯಿಂದ ಇದನ್ನು ಕಲಿತ ಸೂಸನ್ ಸ್ಟ್ಯಾಂಬರ್ಗ್ 1970ರ ದಶಕದಿಂದ ದಶಕಗಳ ಕಾಲ ಪ್ರತಿ ಹಬ್ಬಕ್ಕೂ ನ್ಯಾಷನಲ್ ಪಬ್ಲಿಕ್ ರೇಡಿಯೋದಲ್ಲಿ ಇದರ ವಿಧಾನವನ್ನು ಹೇಳುತ್ತ ಬಂದರು. ಅರೆಯುವುದಕ್ಕೆ ಅವರು ಬಳಸುತ್ತಿದ್ದುದು ಮಾಂಸ ಅರೆಯುವ ಹಳೆಯ ಯಂತ್ರವನ್ನೇ. ಗೊಜ್ಜಿನ ಬಣ್ಣವನ್ನು ಮಾತ್ರ ಹೊಟ್ಟೆನೋವಿನ ಔಷಧವೊಂದರ ಗುಲಾಬಿಗೆ ಹೋಲಿಸಿ ತಾವೇ ನಗೆಯಾಡುತ್ತಿದ್ದರು.