ಚಂಡೀಗಢದ ಕುರ್ಚಿ: ಕರ್ತೃತ್ವ, ತಂತ್ರ ಮತ್ತು ಮೌಲ್ಯದ ಮರುಪರಿಶೀಲನೆ

ಪೀಠೋಪಕರಣಗಳ ಚರಿತ್ರೆಯನ್ನು ಬಹುಮಟ್ಟಿಗೆ ವಿನ್ಯಾಸಕಾರರ ಚರಿತ್ರೆಯಾಗಿಯೇ ಬರೆಯುತ್ತ ಬರಲಾಗಿದೆ. ಬಡಗಿಯ ಕೈಕೆಲಸ, ಸರ್ಕಾರದ ಖರೀದಿ, ಕೂತು ಕೆಲಸ ಮಾಡಿದವರ ಬಳಕೆ ಇವೆಲ್ಲ ಅಂಚಿಗೆ ಸರಿದಿವೆ. ಚಂಡೀಗಢದ ಕಚೇರಿ ಕುರ್ಚಿಯನ್ನು ಆಧಾರವಾಗಿಟ್ಟುಕೊಂಡು ಈ ಕ್ರಮದ ಮಿತಿಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ವಸ್ತುವಿನ ಓದು

ದೇಶ ವಿಭಜನೆಯಲ್ಲಿ ಲಾಹೋರ್ ಪಾಕಿಸ್ತಾನಕ್ಕೆ ಸೇರಿದ್ದರಿಂದ ಭಾರತದ ಪಂಜಾಬಿಗೆ ಹೊಸ ರಾಜಧಾನಿ ಬೇಕಾಯಿತು. ಅದೇ ಚಂಡೀಗಢ. ಅದನ್ನು ಯೋಜಿಸಿದ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ಅವರ ಸೋದರ ಸಂಬಂಧಿ, ವಾಸ್ತುಶಿಲ್ಪಿ ಪಿಯರ್ ಜಾನ್ನರೆ 1951ರಲ್ಲಿ ಚಂಡೀಗಢಕ್ಕೆ ಬಂದು 1965ರವರೆಗೂ ಅಲ್ಲಿ ದುಡಿದರು. ಹೊಸ ಕಚೇರಿ, ನ್ಯಾಯಾಲಯ, ವಿಶ್ವವಿದ್ಯಾಲಯಗಳಿಗೆ ಕಡಿಮೆ ಖರ್ಚಿನಲ್ಲಿ, ಸಾವಿರಗಟ್ಟಲೆ ಕುರ್ಚಿ ಮೇಜುಗಳು ಬೇಕಾಗಿದ್ದವು.

ಅವುಗಳಲ್ಲಿ ಕಚೇರಿ ಕುರ್ಚಿಯ ರಚನೆ ಸರಳ. ಎರಡೂ ಬದಿಯಲ್ಲಿ ಕಾಲುಗಳು ಬಿಚ್ಚಿಟ್ಟ ಕೈವಾರದಂತೆ ಮೇಲೆ ಕೂಡಿ ಕೆಳಗೆ ಅಗಲುತ್ತವೆ. ಕೂರುವ ಜಾಗಕ್ಕೂ ಬೆನ್ನಿಗೂ ಬೆತ್ತದ ಹೆಣಿಗೆ. ಚೌಕಟ್ಟು ತೇಗದ್ದು; ಅದು ಸುಲಭವಾಗಿ ಹುಳು ಹಿಡಿಯದ ಮರ. ಬೆತ್ತದ ಕಣ್ಣುಗಳಲ್ಲಿ ಗಾಳಿಯಾಡುವುದರಿಂದ ಬೇಸಗೆಯಲ್ಲೂ ಬೆನ್ನಿಗೆ ಹಿತ. ಸ್ಥಳೀಯ ಬಡಗಿಗಳಿಗೆ ತೇಗ, ಬೆತ್ತ ಎರಡೂ ಪರಿಚಿತ ವಸ್ತುಗಳೇ. ಅಂದರೆ ಆಧುನಿಕವೆಂದು ಹೆಸರಾದ ಈ ರೂಪಕ್ಕೆ ಯಂತ್ರಕ್ಕಿಂತ ಕೈಕಸುಬೇ ಆಧಾರವಾಗಿತ್ತು.

2. ಕರ್ತೃತ್ವದ ಪ್ರಶ್ನೆ

ಹರಾಜುಪಟ್ಟಿಗಳಲ್ಲಿ ಈ ಕುರ್ಚಿಗಳ ಮುಂದೆ ಎದ್ದು ಕಾಣುವುದು ಜಾನ್ನರೆ ಅವರ ಹೆಸರು. ಆದರೆ ಚಂಡೀಗಢದ ಪೀಠೋಪಕರಣ ವಿನ್ಯಾಸದಲ್ಲಿ ಯೂಲಿ ಚೌಧುರಿ ಮೊದಲಾದ ಭಾರತೀಯ ವಾಸ್ತುಶಿಲ್ಪಿಗಳೂ ಪಾಲುಗೊಂಡಿದ್ದರು. ತಯಾರಿಕೆ ಹಲವು ಕಾರ್ಯಾಗಾರಗಳಲ್ಲಿ ನಡೆದುದರಿಂದ ಒಂದೇ ಮಾದರಿಯ ಕುರ್ಚಿಗಳಲ್ಲೂ ಅಳತೆ, ಜೋಡಣೆಗಳು ತುಸು ಬೇರೆಯಾಗುತ್ತವೆ. ಈ ವ್ಯತ್ಯಾಸಗಳನ್ನು ದೋಷವೆನ್ನುವುದು ಸರಿಯಲ್ಲ. ಹೆಸರು ದಾಖಲಾಗದ ಕೈಗಳಿಗೆ ಅವೇ ಸಾಕ್ಷಿ. ಹಲವು ಕುರ್ಚಿಗಳ ಮೇಲೆ ಬಣ್ಣದಲ್ಲಿ ಬರೆದ ಇಲಾಖೆಯ ಸಂಕ್ಷೇಪಾಕ್ಷರ ಮತ್ತು ಸಂಖ್ಯೆ ಇದೆ. ಕಚೇರಿಯ ಸ್ವತ್ತನ್ನು ಗುರುತಿಸಲು ಹಾಕಿದ ಈ ಗುರುತೇ ಇಂದು ಮಾರುಕಟ್ಟೆಯಲ್ಲಿ ಅಸಲಿತನದ ಪುರಾವೆ. ಆದ್ದರಿಂದ ನಕಲು ಮಾಡುವವರ ಮೊದಲ ಗುರಿಯೂ ಅದೇ.

3. ಮೌಲ್ಯದ ಪಲ್ಲಟ

ಬೆತ್ತ ಹರಿದು, ಕಾಲು ಸಡಿಲಗೊಂಡ ಕುರ್ಚಿಗಳು ಕಚೇರಿಗಳ ಮೂಲೆಗಳಲ್ಲಿ ರಾಶಿಬಿದ್ದು ಗುಜರಿ ಲೆಕ್ಕದಲ್ಲಿ ಹರಾಜಾದವು. 1990ರ ದಶಕದ ಕೊನೆಯಿಂದ ವಿದೇಶಿ ವ್ಯಾಪಾರಿಗಳು ಅವನ್ನು ಕೊಂಡು, ದುರಸ್ತಿ ಮಾಡಿಸಿ, ಯುರೋಪ್ ಅಮೆರಿಕಗಳಲ್ಲಿ ಭಾರಿ ಬೆಲೆಗೆ ಮಾರಿದರು. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ಪುರಾವಸ್ತುವೆನಿಸಲು ಸಾಮಾನ್ಯವಾಗಿ 100 ವರ್ಷ ತುಂಬಿರಬೇಕು. ಈ ಕುರ್ಚಿಗಳು ಅದರ ರಕ್ಷಣೆಗೆ ಒಳಪಡಲಿಲ್ಲ. 2011ರಲ್ಲಿ ಕೇಂದ್ರ ಗೃಹ ಸಚಿವಾಲಯ ಇವುಗಳ ಮಾರಾಟ, ರಫ್ತುಗಳನ್ನು ತಡೆಯಲು ಆದೇಶಿಸುವ ವೇಳೆಗೆ ಸಾಕಷ್ಟು ಕುರ್ಚಿಗಳು ದೇಶ ಬಿಟ್ಟಿದ್ದವು.

ದುರಸ್ತಿಯನ್ನು ಬಿಟ್ಟರೆ ಇಲ್ಲಿ ಮರ, ಬೆತ್ತ, ಆಕಾರ ಯಾವುದೂ ಬದಲಾಗಲಿಲ್ಲ. ಬದಲಾದದ್ದು ವಸ್ತುವಿನ ಸುತ್ತಲಿನ ಕಥನ. ಆ ಕಥನದಲ್ಲಿ ಒಂದು ಹೆಸರು ಬೆಳೆದಷ್ಟೂ ಬಡಗಿ, ಬೆತ್ತ ಹೆಣೆಯುವವರು, ಗುಮಾಸ್ತರು ಮರೆಯಾದರು. ಬೆಲೆ ಏರಿದ್ದರಿಂದ ಅವರಿಗೆ ನ್ಯಾಯ ದೊರೆತಿಲ್ಲ.

ಉಪಸಂಹಾರ

ವಿನ್ಯಾಸ ಚರಿತ್ರೆಯ ಅಧ್ಯಯನ ಹೆಸರಿಗಿಂತ ಮೊದಲು ವಸ್ತುವಿನಿಂದ ಹೊರಡಬೇಕು: ಯಾವ ಮರ, ಯಾವ ಕೀಲು, ಯಾರ ಕೈ, ಯಾರ ಬಳಕೆ, ಯಾವ ದುರಸ್ತಿ. ಚಂಡೀಗಢ ರೂಪುಗೊಳ್ಳುತ್ತಿದ್ದ ದಶಕದಲ್ಲೇ, 1956ರಲ್ಲಿ, ನಮ್ಮ ವಿಧಾನಸೌಧವೂ ಪೂರ್ಣಗೊಂಡಿತು. ಇಲ್ಲಿಯೂ ಅದೇ ನಷ್ಟ ಆಗದಂತೆ, ಕರ್ನಾಟಕದ ಕಚೇರಿ, ಕಾಲೇಜು, ನ್ಯಾಯಾಲಯಗಳು ಹಳೆಯ ಪೀಠೋಪಕರಣಗಳನ್ನು ವಿಲೇವಾರಿ ಮಾಡುವ ಮುನ್ನ ಅವುಗಳ ಛಾಯಾಚಿತ್ರ, ಅಳತೆ, ಗುರುತುಗಳನ್ನು ದಾಖಲಿಸಬೇಕು. ಕಸುಬಿನವರು ಬದುಕಿರುವಾಗಲೇ ಅವರ ಮಾತನ್ನು ಸಂಗ್ರಹಿಸಬೇಕು. ನಮ್ಮ ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗಗಳು ಈ ಕೆಲಸವನ್ನು ಕೈಗೆತ್ತಿಕೊಳ್ಳಲಿ.