ಲೋಣಾವಳಾದ ಮನೆ ಮತ್ತು ಗಾಯನ ಸ್ಪರ್ಧೆ ಗೆದ್ದವರ ಮಾರುಕಟ್ಟೆ

ಟಿ.ವಿ. ಗಾಯನ ಸ್ಪರ್ಧೆಯಲ್ಲಿ ಗೆದ್ದವರಿಗೆ ಪಾಪ್ ಸಂಗೀತದ ಮಾರುಕಟ್ಟೆಯಲ್ಲಿ ಎಷ್ಟು ಬೆಲೆ? ಇದನ್ನು ಅಳೆಯಲು ಆಲ್ಬಂ ಮಾರಾಟವನ್ನಷ್ಟೇ ನೋಡಿದರೆ ಸಾಲದು, ಪುಣೆ ಜಿಲ್ಲೆಯ ಲೋಣಾವಳಾದ ಕಡೆಗೂ ನೋಡಬೇಕು. ಚಿಕ್ಕಿಗೆ ಹೆಸರಾದ ಈ ಘಟ್ಟದೂರಿನಲ್ಲಿ ಹಿಂದಿ ಬಿಗ್ ಬಾಸ್ ಮನೆ ಹಲವು ವರ್ಷ ಇತ್ತು. ಕನ್ನಡ ಬಿಗ್ ಬಾಸ್‌ನ ಮೊದಲ ಎರಡು ಆವೃತ್ತಿಗಳೂ (2013, 2014) ಇಲ್ಲಿಯೇ ನಡೆದವು. ಮೂರನೆಯದಕ್ಕೆ ಮನೆ ಬಿಡದಿಗೆ ಬಂತು. 2008ರ ಎರಡನೇ ಹಿಂದಿ ಆವೃತ್ತಿಯ ಸ್ಪರ್ಧಿಗಳಲ್ಲಿ ದೇಬೋಜಿತ್ ಸಹಾ ಒಬ್ಬರು. ಅಸ್ಸಾಮಿನ ಸಿಲ್ಚರ್‌ನ ಈ ಗಾಯಕ ‘ಸರಿಗಮಪ ಚಾಲೆಂಜ್ 2005’ ಗೆದ್ದವರು. ಗಾಯನದ ಪಟ್ಟ ಸಿಕ್ಕ ಮೂರು ವರ್ಷದೊಳಗೆ ಅವರು ಹಾಡುವುದೇ ಮುಖ್ಯವಲ್ಲದ ಕಾರ್ಯಕ್ರಮವೊಂದರಲ್ಲಿ ಕಾಣಿಸಿಕೊಂಡರು. ಇದನ್ನು ಸೋಲು ಎನ್ನುವುದು ಅವಸರದ ಮಾತು. ಸ್ಪರ್ಧೆಯ ಪಟ್ಟಕ್ಕೆ ನಮ್ಮಲ್ಲಿ ನಿಜವಾದ ಗಿರಾಕಿ ಪಾಪ್ ಮಾರುಕಟ್ಟೆಯಲ್ಲ, ಟಿ.ವಿ.ಯೇ ಎಂಬುದು ಈ ಲೇಖನದ ವಾದ.

ಮೊದಲ ಕಾರಣ ಕಾಲದ್ದು. 1995ರ ಅಲಿಷಾ ಚಿನಾಯ್ ಅವರ ‘ಮೇಡ್ ಇನ್ ಇಂಡಿಯಾ’, 1996ರ ಲಕ್ಕಿ ಅಲಿ ಅವರ ‘ಸುನೋ’ ಆಲ್ಬಂಗಳ ಹೊತ್ತಿಗೆ ಸಿನಿಮಾದ ಹೊರಗೂ ಹಾಡಿನ ವ್ಯಾಪಾರ ಕುದುರಿತ್ತು. 2005ರಲ್ಲಿ ಅಭಿಜಿತ್ ಸಾವಂತ್ ಮೊದಲ ‘ಇಂಡಿಯನ್ ಐಡಲ್’ ಆಗಿ, ಅದೇ ವರ್ಷ ‘ಆಪ್ ಕಾ ಅಭಿಜಿತ್ ಸಾವಂತ್’ ಆಲ್ಬಂ ತಂದಾಗ ಆ ವ್ಯಾಪಾರ ಇಳಿಮುಖವಾಗಿತ್ತು. ಎಂಪಿ3 ನಕಲುಗಳು ಬೀದಿಬೀದಿಯಲ್ಲಿ ಸಿಗುತ್ತಿದ್ದವು, ಸಂಗೀತ ವಾಹಿನಿಗಳು ಸಿನಿಮಾ ಹಾಡುಗಳಿಗೆ ವಾಲಿದ್ದವು. ಸಾವಂತ್ ಅವರ ಆಲ್ಬಂ ಜನಪ್ರಿಯವಾಯಿತು, ನಿಜ. ಆದರೆ ಅವರ ಹಿಂದೆ ಬಂದ ವಿಜೇತರಿಗೆ ಸಿಕ್ಕಿದ್ದು ಬಾಗಿಲು ಹಾಕುತ್ತಿದ್ದ ಅಂಗಡಿ.

ಎರಡನೆಯ ಕಾರಣಕ್ಕೆ ಇನ್ನೂ ತೂಕ ಹೆಚ್ಚು: ಓಟು ಹಾಕುವವರೆಲ್ಲ ಹಾಡು ಕೊಳ್ಳುವವರಲ್ಲ. 2007ರಲ್ಲಿ ಕೋಲ್ಕತ್ತ ಪೊಲೀಸ್ ಇಲಾಖೆಯಲ್ಲಿದ್ದ ಪ್ರಶಾಂತ್ ತಮಾಂಗ್ ಮೂರನೇ ಇಂಡಿಯನ್ ಐಡಲ್ ಆದಾಗ ಡಾರ್ಜಿಲಿಂಗ್ ಬೆಟ್ಟದ ಜನ ಎಸ್‌ಎಂಎಸ್‌ಗಾಗಿ ಹಣ ಕೂಡಿಸಿದರು. ಆ ಅಭಿಯಾನದಲ್ಲಿ ಮುಂದೆ ನಿಂತಿದ್ದ ಬಿಮಲ್ ಗುರುಂಗ್ ಅದೇ ಅಕ್ಟೋಬರ್‌ನಲ್ಲಿ ಗೂರ್ಖಾ ಜನಮುಕ್ತಿ ಮೋರ್ಚಾ ಕಟ್ಟಿದರು. ಒಂದು ಹಾಡಿನ ಸ್ಪರ್ಧೆ ರಾಜಕೀಯ ಪಕ್ಷವೊಂದಕ್ಕೆ ನೆಲ ಹದಮಾಡಿಕೊಟ್ಟಿತು! ದೇಬೋಜಿತ್ ಅವರ ಗೆಲುವಿನಲ್ಲೂ ಅಸ್ಸಾಮಿನ ಅಭಿಮಾನದ ಪಾಲು ದೊಡ್ಡದು. ಇಂಥ ಓಟು ‘ನಮ್ಮ ಹುಡುಗ’ನಿಗೆ ಬಿದ್ದದ್ದು. ಅವನ ಮುಂದಿನ ಆಲ್ಬಂ ಹೇಗಿರುತ್ತದೆ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಅಂತಿಮ ಸುತ್ತು ಮುಗಿದ ರಾತ್ರಿಯೇ ಓಟಿನ ಕೆಲಸವೂ ಮುಗಿಯುತ್ತದೆ. ವಾಹಿನಿಯ ಲಾಭವೂ ಜಾಹೀರಾತಿನ ರೂಪದಲ್ಲಿ ಅಷ್ಟರೊಳಗೆ ಬಂದಿರುತ್ತದೆ. ವಿಜೇತನನ್ನು ಬೆಳೆಸುವ ಜರೂರು ಅದಕ್ಕಿಲ್ಲ.

ಮೂರನೆಯದು ಹಕ್ಕಿನ ಪ್ರಶ್ನೆ. ಇದರ ಚರ್ಚೆ ನಮ್ಮಲ್ಲಿ ಕಡಿಮೆ. ಸ್ಪರ್ಧಿ ವಾರವಾರವೂ ಹಾಡುವುದು ಹಳೆಯ ಚಿತ್ರಗೀತೆಗಳನ್ನು. ಚಪ್ಪಾಳೆ ಅವನಿಗೆ, ಹಾಡು ಆಡಿಯೊ ಕಂಪನಿಗೆ. 2012ರ ಕೃತಿಸ್ವಾಮ್ಯ ತಿದ್ದುಪಡಿ ಗಾಯಕರ ಹಕ್ಕನ್ನು ಬಲಪಡಿಸಿತಾದರೂ, ತನ್ನದೇ ಹಾಡಿಲ್ಲದವನಿಗೆ ಅದರಿಂದ ದೊಡ್ಡ ಪ್ರಯೋಜನವಿಲ್ಲ. ಅಮೆರಿಕದಲ್ಲಿ 2002ರಲ್ಲಿ ಕೆಲ್ಲಿ ಕ್ಲಾರ್ಕ್‌ಸನ್ ‘ಅಮೆರಿಕನ್ ಐಡಲ್’ ಗೆದ್ದ ಕೆಲವೇ ದಿನಗಳಲ್ಲಿ ವಿಜೇತರಿಗೆಂದೇ ಸಿದ್ಧವಾದ ಹೊಸ ಹಾಡು ಅಂಗಡಿಯಲ್ಲಿತ್ತು. ಹೊರದೇಶಗಳಲ್ಲಿ ಕೂಡ ಇದು ಗ್ಯಾರಂಟಿ ಮಂತ್ರವಲ್ಲ: ಬ್ರಿಟನ್ನಿನ ಮೊದಲ ‘ಎಕ್ಸ್ ಫ್ಯಾಕ್ಟರ್’ ವಿಜೇತ ಸ್ಟೀವ್ ಬ್ರೂಕ್‌ಸ್ಟೈನ್ ಅವರನ್ನು ರೆಕಾರ್ಡ್ ಕಂಪನಿ ಬಹುಬೇಗ ಕೈಬಿಟ್ಟಿತು.

ಗೆಲ್ಲದೆಯೂ ಬೆಳೆದವರನ್ನು ನೋಡಿದರೆ, ಮಾರುಕಟ್ಟೆಗೆ ಪಟ್ಟ ಮುಖ್ಯವಲ್ಲ ಎಂಬ ಮಾತು ಇನ್ನಷ್ಟು ಗಟ್ಟಿಯಾಗುತ್ತದೆ. 2005ರ ‘ಫೇಮ್ ಗುರುಕುಲ್’ನಿಂದ ನಡುವೆಯೇ ಹೊರಬಿದ್ದ ಅರಿಜಿತ್ ಸಿಂಗ್ ಮುಂದೆ ಮುಂಬೈ ಸ್ಟುಡಿಯೊಗಳಲ್ಲಿ ಸಂಗೀತ ನಿರ್ದೇಶಕರ ಕೈಕೆಳಗೆ ವರ್ಷಗಟ್ಟಲೆ ಕೆಲಸ ಮಾಡಿದರು, 2013ರ ‘ಆಶಿಕಿ 2’ ಅವರನ್ನು ಮನೆಮಾತಾಗಿಸಿತು. ಕನ್ನಡದ ‘ಸರಿಗಮಪ’ದಲ್ಲಿ ಹಾಡಿದ ಸಂಜಿತ್ ಹೆಗ್ಡೆ ಅಲ್ಲಿ ಗೆದ್ದವರಲ್ಲ, ಇವತ್ತು ಸಿನಿಮಾದಲ್ಲೂ ಸಿನಿಮಾದ ಹೊರಗೂ ಅವರದೇ ಹಾಡುಗಳಿವೆ. ಸ್ಪರ್ಧೆಯ ಗೋಜಿಗೇ ಹೋಗದ ರಘು ದೀಕ್ಷಿತ್ 2008ರ ಮೊದಲ ಆಲ್ಬಂನಿಂದಲೇ ಹೊರದೇಶಗಳ ವೇದಿಕೆ ತಲುಪಿದರು.

ಹಾಗಾದರೆ ಕರ್ನಾಟಕದಲ್ಲಿ ವಿಜೇತರ ಆದಾಯ ಎಲ್ಲಿಂದ? ಜಾತ್ರೆ, ಗಣೇಶೋತ್ಸವ, ರಾಜ್ಯೋತ್ಸವಗಳ ರಸಮಂಜರಿ ಕಾರ್ಯಕ್ರಮಗಳಿಂದ. ಫ್ಲೆಕ್ಸ್‌ನಲ್ಲಿ ಗಾಯಕನ ಭಾವಚಿತ್ರ, ಹೆಸರಿನ ಮುಂದೆ ದಪ್ಪಕ್ಷರದಲ್ಲಿ ‘ಸರಿಗಮಪ ಖ್ಯಾತಿಯ’. ಹಾಡುವುದು ಮತ್ತದೇ ಚಿತ್ರಗೀತೆ, ಹೆಚ್ಚೆಂದರೆ ಒಂದು ಜಾನಪದ. ಮರುವರ್ಷ ಹೊಸ ಆವೃತ್ತಿ ಬಂದರೆ ಫ್ಲೆಕ್ಸಿನ ಮುಖವೂ ಬದಲಾಗುತ್ತದೆ. ಮರ್ಯಾದೆಯ ದುಡಿಮೆಯೇ, ಆದರೆ ಅದರ ಆಯುಷ್ಯ ಚಿಕ್ಕದು. ಹಾಗಾಗಿಯೇ ಲೋಣಾವಳಾದಲ್ಲಿ ದೇಬೋಜಿತ್ ಹಿಡಿದ ದಾರಿ ಕನ್ನಡದಲ್ಲೂ ಕಾಣುತ್ತದೆ. ಹಾವೇರಿ ಜಿಲ್ಲೆಯ ಕುರಿಗಾಹಿ ಹನುಮಂತ ಲಮಾಣಿ ‘ಸರಿಗಮಪ’ದ 15ನೇ ಆವೃತ್ತಿಯಲ್ಲಿ ರನ್ನರ್ ಅಪ್ ಆದರು, ಪ್ರಶಸ್ತಿ ಕೀರ್ತನ್ ಹೊಳ್ಳ ಅವರಿಗೆ ಹೋಯಿತು. ಅದೇ ಹನುಮಂತ ವೈಲ್ಡ್ ಕಾರ್ಡ್ ಮೂಲಕ ಬಿಗ್ ಬಾಸ್‌ನ 11ನೇ ಆವೃತ್ತಿ ಸೇರಿ, 2025ರ ಜನವರಿಯಲ್ಲಿ ಗೆದ್ದು 50 ಲಕ್ಷ ರೂಪಾಯಿ ಬಹುಮಾನ ಪಡೆದರು. ಅವರ ಹಾಡು ಜನರಿಗೆ ಇಷ್ಟವಿತ್ತು. ಆದರೆ ಈ ಹಣ ಬಂದದ್ದು ಅವರ ಸರಳ ನಡೆನುಡಿಗೆ ಬಿದ್ದ ಓಟಿನಿಂದ.

ಈ ಸ್ಥಿತಿ ಬದಲಾಗಬೇಕಾದರೆ, ವಾಹಿನಿಗಳು ಬಹುಮಾನದ ಮೊತ್ತ ಏರಿಸುವ ಬದಲು ಪ್ರತಿ ವಿಜೇತರಿಗೂ ಒಂದು ಹೊಸ ಹಾಡು ಮಾಡಿಸಿ, ಅದರ ಹಕ್ಕಿನಲ್ಲಿ ಪಾಲನ್ನು ಒಪ್ಪಂದದಲ್ಲೇ ಬರೆದುಕೊಡಲಿ. ಕನ್ನಡದ ಆಡಿಯೊ ಕಂಪನಿಗಳೂ ಇದಕ್ಕೆ ಕೈಜೋಡಿಸಬೇಕು.