ಎಚ್‌ಐವಿ, ಕರುಳಿನ ವೈರಸ್ ಮತ್ತು ತೆಂಗಿನ ಸೀಮೆಯ ಎಳನೀರು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಭೇದಿ ಹಿಡಿದವರ ಕೈಗೆ ಮೊದಲು ಬರುವುದು ಎಳನೀರು. ಉಂಡೆ ಕೊಬ್ಬರಿಗೆಂದು ಕಾಯನ್ನು ಮರದಲ್ಲೇ ಬಲಿಯಲು ಬಿಡುವ ಊರುಗಳಿವು. ಆದರೂ ಕಾಯಿಲೆಯವರಿಗಾಗಿ ಗೊನೆ ಇಳಿಸಲು ಯಾರೂ ಹಿಂದೆಮುಂದೆ ನೋಡುವುದಿಲ್ಲ. ಈ ಸೀಮೆಯ ಸಂಪಿಗೆಯಂಥ ಹಳ್ಳಿಯಲ್ಲಿ ಎಚ್‌ಐವಿಯೊಂದಿಗೆ ಬದುಕುತ್ತಿರುವವರ ಭೇದಿಯನ್ನು ಈ ರೂಢಿಯ ಸಮೇತ ನೋಡಬೇಕೆಂಬುದು ಇಲ್ಲಿನ ವಾದ.

ಎಚ್‌ಐವಿ ರಕ್ತದ ಕಾಯಿಲೆಯೆಂದೇ ಜನರ ತಿಳಿವಳಿಕೆ. ಸೋಂಕು ತಗುಲಿದ ಮೊದಲ ವಾರಗಳಲ್ಲಿ ಅದು ಸಿಡಿ4 ಎಂಬ ರೋಗನಿರೋಧಕ ಕಣಗಳನ್ನು ಅತಿ ಹೆಚ್ಚು ಕೊಲ್ಲುವುದು ಮಾತ್ರ ಕರುಳಿನ ಗೋಡೆಯಲ್ಲಿ. ಎಚ್‌ಐವಿ ಅಡಗಿಸುವ ಎಆರ್‌ಟಿ ಮಾತ್ರೆಗಳಿಂದ ರಕ್ತದ ಸಿಡಿ4 ಎಣಿಕೆ ಏರಿದರೂ ಕರುಳು ಅಷ್ಟು ಬೇಗ ಸುಧಾರಿಸದು. ಭೇದಿ ತರುವ ನೊರೊ, ಅಡೆನೊ, ಆಸ್ಟ್ರೊ ವೈರಸ್‌ಗಳಿಗೆ ಹೀಗೆ ಸೊರಗಿದ ಕರುಳು ಸಲೀಸು. ಅಮೆರಿಕದ ಅಟ್ಲಾಂಟಾದಿಂದ 1993ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಭೇದಿಯಿದ್ದ ಎಚ್‌ಐವಿ ಸೋಂಕಿತರ ಮಲದ ಮಾದರಿಗಳ ಶೇ 35ರಲ್ಲಿ ವೈರಸ್ ಕಂಡಿತ್ತು. ಭೇದಿಯಿಲ್ಲದವರಲ್ಲಿ ಶೇ 12. ಸಿಡಿ4 ಎಣಿಕೆ 200ಕ್ಕಿಂತ ಕುಸಿದವರ ಕರುಳಿನಲ್ಲಿ ಅಡೆನೊ ವೈರಸ್ ಹೆಚ್ಚುವುದನ್ನು 2016ರಲ್ಲಿ ಉಗಾಂಡದ ಅಧ್ಯಯನ ತೋರಿಸಿತು.

ಆ ಶೇ 12 ನನಗೆ ಹೆಚ್ಚು ಮುಖ್ಯ. ಮಲದಲ್ಲಿ ವೈರಸ್ ಸಿಕ್ಕ ಮಾತ್ರಕ್ಕೆ ಭೇದಿಗೆ ಅದೇ ಕಾರಣವಾಗದು. ಬೆಂಗಳೂರಿನ ನವಜಾತ ಶಿಶುಗಳಲ್ಲಿ ಸಿಕ್ಕಿದ, ಭಾರತೀಯ ವಿಜ್ಞಾನ ಸಂಸ್ಥೆ ವಿವರಿಸಿದ ಐ321 ಎಂಬ ರೋಟಾ ವೈರಸ್ ತಳಿ ಅವುಗಳಿಗೆ ಭೇದಿಯನ್ನೇ ಉಂಟುಮಾಡಿರಲಿಲ್ಲ. ಸೋಂಕಿತರಲ್ಲಂತೂ ಕ್ರಿಪ್ಟೊಸ್ಪೊರಿಡಿಯಂ, ಸಿಸ್ಟೊಐಸೊಸ್ಪೊರಾದಂಥ ಪರಾವಲಂಬಿಗಳೂ ಲೊಪಿನಾವಿರ್‌ನಂಥ ಔಷಧಗಳೂ ಭೇದಿ ತರುತ್ತವೆ. ನೇರ ಔಷಧವಿರುವ ಮುಖ್ಯ ಕರುಳಿನ ವೈರಸ್ ಸೈಟೊಮೆಗಲೊ ಒಂದೇ: ಸಿಡಿ4 50ಕ್ಕಿಂತ ಕೆಳಗಿದ್ದು, ರಕ್ತಭೇದಿ, ಹೊಟ್ಟೆನೋವು ಇದ್ದರೆ ದೊಡ್ಡಕರುಳಿನ ಬಯಾಪ್ಸಿ ಮಾಡಿಸಬೇಕು, ಖಚಿತವಾದರೆ ಗ್ಯಾನ್ಸಿಕ್ಲೊವಿರ್. ಉಳಿದ ವೈರಸ್‌ಗಳಿಗೆ, 2004ರ ಏಪ್ರಿಲ್ 1ರಿಂದ ಸರ್ಕಾರ ಉಚಿತವಾಗಿ ಕೊಡುತ್ತಿರುವ, 2017ರಿಂದ ಸಿಡಿ4 ಎಣಿಕೆ ಎಷ್ಟಿದ್ದರೂ ಸಿಗುವ ಎಆರ್‌ಟಿಯೇ ಮದ್ದು. ಜೊತೆಗೆ ನೀರು, ಉಪ್ಪು.

ಇಲ್ಲಿಗೆ ಎಳನೀರಿನ ಪ್ರಶ್ನೆ ಬಂತು. ಒಂದು ಲೀಟರ್ ಓಆರ್‌ಎಸ್‌ನಲ್ಲಿ 75 ಮಿಲಿಮೋಲ್ ಸೋಡಿಯಂ, 20 ಮಿಲಿಮೋಲ್ ಪೊಟ್ಯಾಸಿಯಂ ಇರುತ್ತದೆ. ಎಳನೀರಿನ ಲೆಕ್ಕ ತಿರುಗುಮುರುಗು: ಸೋಡಿಯಂ ತೀರಾ ಕಡಿಮೆ, ಪೊಟ್ಯಾಸಿಯಂ ಓಆರ್‌ಎಸ್‌ನ ಎರಡು ಪಟ್ಟಿಗೂ ಮೇಲೆ. ಮೂತ್ರಪಿಂಡ ಸರಿಯಿದ್ದವರು ಓಆರ್‌ಎಸ್ ಜೊತೆ ಒಂದೆರಡು ಎಳನೀರು ಕುಡಿದರೆ ತೊಂದರೆಯಿಲ್ಲ. ಭೇದಿಯಲ್ಲಿ ಪೊಟ್ಯಾಸಿಯಂ ಕೂಡ ಸೋರಿಹೋಗುತ್ತದಷ್ಟೆ. ಎಆರ್‌ಟಿಯಲ್ಲಿರುವವರ ಪರಿಸ್ಥಿತಿ ಬೇರೆ. ಅವರ ನಿತ್ಯದ ಮಾತ್ರೆಯಲ್ಲಿರುವ ಟೆನೊಫೊವಿರ್ ಕೆಲವರ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ. ಸಿಡಿ4 ಕಡಿಮೆಯಿದ್ದವರಿಗೆ ಕೊಡುವ ಕೋ-ಟ್ರೈಮಾಕ್ಸಜೋಲ್ ರಕ್ತದ ಪೊಟ್ಯಾಸಿಯಂ ಏರಿಸುತ್ತದೆ. ಭೇದಿಯಿಂದ ಮೈ ಒಣಗಿದಾಗ ಮೂತ್ರಪಿಂಡ ಇನ್ನಷ್ಟು ಸೋಲುತ್ತದೆ. ಇವು ಮೂರೂ ಕೂಡಿದಲ್ಲಿ ದಿನವಿಡೀ ಕುಡಿಸುವ ಎಳನೀರಿನ ಪೊಟ್ಯಾಸಿಯಂ ರಕ್ತದಲ್ಲೇ ಉಳಿದು ಹೃದಯದ ಬಡಿತವನ್ನೇ ಏರುಪೇರು ಮಾಡಬಲ್ಲದು.

ಈ ಸೀಮೆಯ ವೈದ್ಯರು ಮತ್ತು ಆಶಾ ಕಾರ್ಯಕರ್ತೆಯರಲ್ಲಿ ಕೇಳಿಕೊಳ್ಳುವುದಿಷ್ಟು: ಎಆರ್‌ಟಿಯಲ್ಲಿರುವವರಿಗೆ ಭೇದಿಯಾದರೆ ಮಾತ್ರೆ ನಿಲ್ಲಿಸಬೇಡಿ, ಓಆರ್‌ಎಸ್ ಮೊದಲು ಕೊಡಿ, ಕ್ರಿಯಾಟಿನೈನ್ ಮತ್ತು ಪೊಟ್ಯಾಸಿಯಂ ಪರೀಕ್ಷೆಯಾಗುವವರೆಗೆ ಎಳನೀರಿಗೆ ಮಿತಿ ಹಾಕಿ.